ಮೂರನೇ ಯಂತ್ರದ ಸದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ನೀವೂ ಹಾಗೇ ಮಾಡಿದರೆ ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಡೆಯ ಒಂದು ಅಣೆಕಟ್ಟಿನ ಪವರ್‌ಹೌಸಿನಲ್ಲಿ ಬಹಳ ವರ್ಷ ದುಡಿದು, ಲಂಡನ್ನಿಗೆ ಬಂದು ಇಲ್ಫರ್ಡಿನಲ್ಲಿ ಮನೆ ಮಾಡಿದ್ದೆ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನೆಲದಡಿಯಿಂದ ಒಂದು ಬಡಿತ ಅಂಗಾಲಿಗೆ ತಾಗಿತು. ಎತ್ತಿದ ತುತ್ತು ಕೈಯಲ್ಲೇ ಉಳಿಯಿತು.

ಟರ್ಬೈನು ಪೂರ್ತಿ ಲೋಡಿನಲ್ಲಿ ಓಡುವಾಗ ಒಂದೇ ಸಮನೆ ಗುಂಯ್‌ಗುಡುತ್ತದೆ. ಅರ್ಧ ಲೋಡಿಗೆ ಇಳಿಸಿದರೆ, ಕೆಳಗೆ ಹೊರಬೀಳುವ ನೀರು ಹಗ್ಗದಂತೆ ಹೊಸೆದುಕೊಂಡು ಕೊಳವೆಯ ಗೋಡೆಗೆ ಬಡಿಯುತ್ತದೆ. ಹಾಗೇ ಬಹಳ ಹೊತ್ತು ಬಿಟ್ಟರೆ ಯಂತ್ರದ ಬೋಲ್ಟುಗಳು ಸಡಿಲಾಗುತ್ತವೆ. ನಮ್ಮ ಮೂರನೇ ಯಂತ್ರದ ಬಡಿತ ಕುಂಟುತ್ತಿತ್ತು: ಎರಡು ಏಟು, ಒಂದು ತಡೆ, ಮತ್ತೆ ಎರಡು ಏಟು. ಈಗ ಬರುತ್ತಿದ್ದದ್ದು ಅದೇ.

"ಏನೂ ಕೇಳಸವಲ್ದಲ್ರೀ. ಬಾಜೂ ಮನಿ ವಾಷಿಂಗ್ ಮಷೀನ್ ಇರಬೇಕು," ಎಂದಳು ಹೆಂಡತಿ ಸುಮಾ. ಪಕ್ಕದವರು ಮನೆಯಲ್ಲೇ ಇರಲಿಲ್ಲ. ರಸ್ತೆಗಿಳಿದು ತುದಿಯವರೆಗೆ ನಡೆದೆ. ಬಡಿತ ಕಾಲಡಿಯಲ್ಲೇ ಬಂತು. ತಡೆಯಲಾಗದೆ ಮನೆಗೆ ಬಂದು ಪವರ್‌ಹೌಸಿಗೆ ಫೋನ್ ಹಚ್ಚಿದೆ. ಎತ್ತಿದವನು ಹಳೆಯ ಗೆಳೆಯ ಬಸವರಾಜ.

"ಬಸಣ್ಣ, ಮೂರನೇದು ಅರ್ಧ ಲೋಡಿನ್ಯಾಗ ಐತೇನು?"

"ಐತಿ. ಮುಂಜಾನಿಂದ ಹಂಗ ಹಿಡೀರಿ ಅಂದಾರ. ನಿನಗ್ಯಾರು ಹೇಳಿದ್ರು?"

"ಬಂದ್ ಮಾಡು. ಕೆಳಗ ಯಾರದಾರ?"

"ಇಬ್ಬರು ಎಣ್ಣಿ ನೋಡಾಕ ಇಳದಾರ. ಬಂದ್ ಮಾಡಿ ಏನಂತ ಕಾರಣ ಹೇಳ್ಲಿ? ತಲಿ ಕೆಟ್ಟೈತೇನು ನಿಂದು?"

"ಮೊದಲ ಅವರನ್ನ ಮ್ಯಾಲ ಕರಿ. ನಿನ್ನ ಕೈ ಮುಗೀತೀನಿ."

ಬೈದು ಫೋನ್ ಇಟ್ಟ. ನಾನು ಕಾರ್ಪೆಟ್ಟಿನ ಮೇಲೆ ಅಂಗೈ ಊರಿ ಕೂತೆ. ಒಂದಿಷ್ಟು ಹೊತ್ತಿಗೆ ಬಡಿತ ನಿಧಾನವಾಯಿತು, ದೊಡ್ಡ ಯಂತ್ರ ನಿಲ್ಲುವ ರೀತಿಯಲ್ಲೇ. ಆಮೇಲೆ ನಿಂತಿತು. ಸುಮಾ ಹೆದರಿ ನನ್ನ ಹೆಗಲು ಹಿಡಿದುಕೊಂಡಿದ್ದಳು.

ಮರುದಿನ ಬಸವರಾಜನೇ ಫೋನ್ ಮಾಡಿದ. ಬೈದರೂ ಆಮೇಲೆ ಯಂತ್ರ ನಿಲ್ಲಿಸಿ ನೋಡಿದ್ದನಂತೆ. ಟರ್ಬೈನಿನ ಮೇಲ್ಮುಚ್ಚಳದ ಬೋಲ್ಟು ಹಲವು ಮುರಿದಿದ್ದವಂತೆ, ಉಳಿದವು ಕೈಯಲ್ಲೇ ತಿರುಗುತ್ತಿದ್ದವಂತೆ. ಇನ್ನಷ್ಟು ಓಡಿದ್ದರೆ ಮುಚ್ಚಳ ಹಾರಿ, ಅಣೆಕಟ್ಟಿನ ನೀರೆಲ್ಲ ಆ ಇಬ್ಬರ ಮೇಲೆ ನುಗ್ಗುತ್ತಿತ್ತು.

ಸಾವಿರಾರು ಮೈಲಿ ದೂರದ ಸದ್ದು ಕೇಳಿಸುವುದಿಲ್ಲ ಎಂದು ಎಂಜಿನಿಯರನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಕತಾಳೀಯ ಅಂದುಕೊಂಡು ಸುಮ್ಮನಾಗಲೂ ನೋಡಿದೆ.

ಆದರೆ ಕೆಲವು ವರ್ಷಗಳ ಮೇಲೆ ಬಸವರಾಜ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ, ಎಬ್ಬಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ. ಆ ಹೊತ್ತಿಗೆ ನಾನು ಇದೇ ಮನೆಯಲ್ಲಿ, ಇದೇ ನೆಲದ ಮೇಲೆ ಬರಿಗಾಲಲ್ಲಿ ಕೂತು ಪೇಪರ್ ಓದುತ್ತಿದ್ದೆ. ನನಗೆ ಏನೂ ಕೇಳಿಸಲಿಲ್ಲ.