ಬಿಳಿಯ ಮೇಲೆ ಬರೆದ ಬಿಳಿ ಅಕ್ಷರ

ಆ ಫೋಟೋ ಸ್ಟುಡಿಯೋಗೆ ಹೋದವರಿಗೆ ಮೊದಲು ಎದುರಾಗುವುದು ಅವಳ ದನಿ. ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಡುವಷ್ಟರಲ್ಲಿ ಕೌಂಟರಿನ ಹಿಂದಿನಿಂದ, ಫೋಟೋ ತೆಗೆಸೋದಾ, ಪ್ರಿಂಟ್ ಹಾಕಿಸೋದಾ ಎಂದು ಕೇಳಿಬಿಡುತ್ತಾಳೆ. ಎರಡನೇ ಸಲ ಹೋದರೆ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿಯುತ್ತಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ ಎಂಬುದು ಎಷ್ಟೋ ಜನಕ್ಕೆ ಮೂರನೇ ಸಲವೋ ನಾಲ್ಕನೇ ಸಲವೋ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ "ಪಾಪ" ಎನ್ನುತ್ತಾರೆ. ಆ ಮಾತು ಕೇಳಿ ಕೇಳಿ ಅವಳಿಗೆ ಸಾಕು ಸಾಕಾಗಿದೆ. ಪಾಪ ಅಂದವರಿಗೆ ಬಿಲ್ಲಿನಲ್ಲಿ ರಿಯಾಯಿತಿ ಇಲ್ಲ ಎಂದು ನಗುತ್ತಲೇ ಹೇಳಿ ರಸೀದಿ ಕೊಟ್ಟು ಕಳಿಸುತ್ತಾಳೆ. ಬೀದಿಗೆಲ್ಲ ಅವಳು ಕೌಂಟರ್ ಅಕ್ಕ.

ಹನ್ನೊಂದನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಣ್ಣನ್ನೂ ತೆಗೆದುಕೊಂಡು ಹೋಗಿತ್ತು. ಮನೆಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಅಪ್ಪ ಮಾತ್ರ ಒಂದು ವರ್ಷ ಕಾದು ನೋಡಿ, ಮಗಳ ಕೈ ಹಿಡಿದು ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ಅದು ಫಿಲಂ ಕಾಲ. ರೋಲನ್ನು ಬಿಚ್ಚಿ, ಸುರುಳಿಗೆ ಸುತ್ತಿ, ಫಿಲಂ ತೊಳೆಯುವ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುವ ತನಕ ಚುಕ್ಕೆಯಷ್ಟು ಬೆಳಕೂ ಬೀಳುವಂತಿಲ್ಲ. ಆ ಕತ್ತಲಲ್ಲಿ ಅಪ್ಪನೇ ತಡವರಿಸುತ್ತಿದ್ದರು. ಅಣ್ಣನಂತೂ ಮೇಜಿನ ಮೂಲೆಗೆ ಮೊಣಕಾಲು ಬಡಿಸಿಕೊಂಡು ಕೈಯಲ್ಲಿದ್ದುದನ್ನು ಬೀಳಿಸುತ್ತಿದ್ದ. ಇವಳು ಬೆರಳ ತುದಿಯಲ್ಲಿ ಫಿಲಂ ಅಂಚನ್ನು ಸವರುತ್ತ ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿ ಹೊರಗೆ ಬರುತ್ತಿದ್ದಳು. ತನ್ನ ಮಗಳ ಕೈಯಲ್ಲಿ ಒಂದೇ ಒಂದು ರೋಲೂ ಕೆಟ್ಟಿಲ್ಲ ಎಂದು ಅಪ್ಪ ಗಿರಾಕಿಗಳ ಎದುರು ಹೇಳಿಕೊಂಡು ತಿರುಗುತ್ತಿದ್ದರು. ಹೇಳಿಕೊಳ್ಳುವಂಥ ಮಾತೇ ಅದು.

ಆಮೇಲೆ ಫಿಲಂ ಹೋಯಿತು, ಅಪ್ಪ ಹೋದರು. ಕತ್ತಲೆ ಕೋಣೆಗೆ ಟ್ಯೂಬ್‌ಲೈಟ್ ಹಾಕಿ ಫ್ರೇಮುಗಳನ್ನು ಪೇರಿಸಿದರು. ಅವಳು ಕೌಂಟರಿಗೆ ಬಂದಳು. ಫೋನು, ಬುಕಿಂಗು, ಯಾರ ಫೋಟೋ ಯಾವ ಲಕೋಟೆಯಲ್ಲಿ, ಯಾರು ಇಷ್ಟು ದಿನವಾದರೂ ಒಯ್ದಿಲ್ಲ, ಎಲ್ಲ ಅವಳ ತಲೆಯಲ್ಲಿ. ಸ್ಟುಡಿಯೋಗೆ ಬರುವ ಮೇಲ್‌ಗಳನ್ನೂ ಅವಳೇ ಕೇಳುತ್ತಿದ್ದಳು. ಕೇಳುವುದು ಎಂದರೆ, ಅವಳ ಮೊಬೈಲು ಪರದೆಯ ಮೇಲಿನ ಅಕ್ಷರಗಳನ್ನೆಲ್ಲ ಕಿವಿಯಲ್ಲಿ ಓದಿ ಹೇಳುತ್ತದೆ. ಅದನ್ನು ಅವಳು ಎಷ್ಟು ವೇಗದಲ್ಲಿ ಇಟ್ಟುಕೊಂಡಿದ್ದಾಳೆಂದರೆ, ಪಕ್ಕದಲ್ಲಿ ನಿಂತವರಿಗೆ ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಬರೀ ಚಟಪಟ ಕೇಳಿಸುತ್ತದೆ. ಅವಳಿಗೆ ಅದರಲ್ಲಿ ಒಂದು ಪದವೂ ತಪ್ಪುವುದಿಲ್ಲ.

ಹೀಗೆ ಹದಿನೆಂಟು ವರ್ಷ ನಡೆದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಅತ್ತಿಗೆ ಮಾತು ತೆಗೆದಳು. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಕೌಂಟರಿಗೆ ಒಬ್ಬಳು ಹುಡುಗಿಯನ್ನು ಇಟ್ಟುಕೊಳ್ಳುವುದಂತೆ. ಕಂಪ್ಯೂಟರ್ ನೋಡಿ ಫೋಟೋ ಆರಿಸಿಕೊಡುವವರು ಬೇಕಂತೆ. ಇವಳು ಇಷ್ಟು ವರ್ಷ ದುಡಿದದ್ದು ಸಾಕಂತೆ, ಇನ್ನು ಮೇಲಿನ ಮನೆಯಲ್ಲಿ ಆರಾಮಾಗಿ ಇರಬಹುದಂತೆ. ಅಣ್ಣ ತಲೆ ಎತ್ತದೆ ಹೂಂಗುಟ್ಟಿದ. ಇಬ್ಬರ ಮಾತಿನಲ್ಲೂ ಪ್ರೀತಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಪ್ರೀತಿಯಿಂದ ಕುರ್ಚಿ ಎಳೆದರೂ ಕೂತವರು ಬೀಳುವುದು ನೆಲಕ್ಕೇ ತಾನೆ? ನಲವತ್ತೆರಡನೇ ವಯಸ್ಸಿಗೆ ಆರಾಮಾಗಿರುವುದು ಎಂದರೆ ಏನು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ. ತನ್ನನ್ನು ಯಾವ ಲೆಕ್ಕಕ್ಕೂ ಇಟ್ಟುಕೊಂಡಿಲ್ಲ ಎಂಬ ಸಂಕಟ ಮಾತ್ರ ಚೆನ್ನಾಗಿ ತಿಳಿಯಿತು.

ಆ ಒಂದನೇ ತಾರೀಕಿಗೆ ಇನ್ನು ಇಪ್ಪತ್ತು ದಿನವಿದ್ದಾಗ ಮೇಲ್ ಬಂತು. ಅಣ್ಣ ಫೋಟೋ ತಿದ್ದುವ ಪ್ರೋಗ್ರಾಮಿನ ಕಂಪನಿಯದು. ಅದಕ್ಕೆ ವರ್ಷ ವರ್ಷ ಚಂದಾ. ಬೇಡ ಎನ್ನದಿದ್ದರೆ ತಾನಾಗಿಯೇ ಮುಂದುವರಿಯುತ್ತದೆ, ತಿಂಗಳು ತಿಂಗಳು ಬ್ಯಾಂಕಿನಿಂದ ದುಡ್ಡು ಕಡಿತವಾಗುತ್ತದೆ. ಶುಭ ಸುದ್ದಿ ಎಂದು ಶುರುವಾಗುವ ಯಾವ ಕಂಪನಿಯ ಪತ್ರವನ್ನೂ ನಾನಂತೂ ನಂಬುವುದಿಲ್ಲ. ಇದೂ ಶುಭ ಸುದ್ದಿ ಎಂದೇ ಶುರುವಾಗಿತ್ತು. ಹೊಸ ಸೌಲಭ್ಯಗಳು, ಅದೇ ಹಳೆಯ ದರ, ನಿಮ್ಮ ವಿಶ್ವಾಸಕ್ಕೆ ಋಣಿ, ಕಂಪನಿಯ ವಿಳಾಸ. ಕಣ್ಣಿದ್ದವರ ಪಾಲಿಗೆ ಪತ್ರ ಅಲ್ಲಿಗೆ ಮುಗಿಯಿತು. ಅವಳ ಮೊಬೈಲು ಮಾತ್ರ ನಿಲ್ಲಿಸಲಿಲ್ಲ. ವಿಳಾಸದ ನಂತರ ಒಂದು ಉಸಿರು ತೆಗೆದುಕೊಂಡು ಮುಂದೆ ಓದಿತು: ಮೇಲೆ ಹೇಳಿದ ದರ ಮೊದಲ ಮೂರು ತಿಂಗಳಿಗೆ ಮಾತ್ರ, ನಾಲ್ಕನೇ ತಿಂಗಳಿನಿಂದ ಅದರ ಒಂದೂವರೆ ಪಟ್ಟು ಕಡಿತವಾಗುತ್ತದೆ, ಒಪ್ಪಿಗೆ ಇಲ್ಲದವರು ಹತ್ತು ದಿನದೊಳಗೆ ತಿಳಿಸಬೇಕು.

ಅವಳು ಮೂರು ಸಲ ಕೇಳಿಸಿಕೊಂಡು ಅಣ್ಣನಿಗೆ ಹೇಳಿದಳು. ಅಣ್ಣ ತನ್ನ ದೊಡ್ಡ ಪರದೆಯ ಮೇಲೆ ಅದೇ ಮೇಲ್ ತೆರೆದು ಮೇಲಿನಿಂದ ಕೆಳಗಿನ ತನಕ ನೋಡಿದ. ಹಾಗೇನೂ ಇರಲಿಲ್ಲ. ಇನ್ನೊಂದು ಸಲ ನೋಡಿದ. ಅವನು ಕಣ್ಣಿನಿಂದಲೇ ಅನ್ನ ತಿನ್ನುವವನು; ಒಂದು ಬಿಳಿ ಅಂಗಿಯಲ್ಲಿ ಆರು ಬಗೆಯ ಬಿಳಿ ಗುರುತಿಸುತ್ತೇನೆಂದು ಅವನಿಗೆ ಒಳಗೊಳಗೇ ಹಮ್ಮು. ಆ ಕಣ್ಣಿಗೆ ಬೀಳದ್ದು ಅಲ್ಲಿ ಇರುವುದಾದರೂ ಹೇಗೆ? ಬೇರೆ ಯಾವುದೋ ಮೇಲ್ ಜೊತೆ ಸೇರಿಸಿಕೊಂಡಿದ್ದೀಯ, ಹೋಗಲಿ ಬಿಡು ಎಂದ. ಬೈದಿದ್ದರೂ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಆ ಮೆತ್ತನೆಯ ದನಿಯೇ ಚುಚ್ಚಿತು. ಸಂಜೆ ಅವನು ಅತ್ತಿಗೆಯ ಹತ್ತಿರ, ಪಾಪ ಅವಳಿಗೂ ದಣಿವಾಗ್ತಿದೆ, ಆ ಹುಡುಗಿ ಇನ್ನೊಂದು ವಾರ ಮೊದಲೇ ಬರೋ ಹಾಗಿದ್ರೆ ಒಳ್ಳೇದು ಎನ್ನುತ್ತಿದ್ದದ್ದು ಮೆಟ್ಟಿಲ ಮೇಲಿದ್ದ ಅವಳ ಕಿವಿಗೆ ಬಿತ್ತು. ಅಣ್ಣನ ಬಾಯಿಂದಲೂ ಪಾಪ.

ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಅವಳು ಸುಮ್ಮನಾಗುವ ಜಾತಿಯವಳಲ್ಲ. ಇದರಲ್ಲಿ ತಾನು ತಪ್ಪಿದ್ದೇನೆಂದು ಒಪ್ಪಿಕೊಂಡರೆ ಇನ್ನು ಜೀವಮಾನದಲ್ಲಿ ತನ್ನ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಸ್ಟೂಲು ಎಳೆದುಕೊಂಡು ಅಣ್ಣನ ಪಕ್ಕದಲ್ಲಿ ಕೂತಳು. ಮೇಲ್ ತೆರೆಸಿದಳು. ತಾನು ಮೊಬೈಲಿನಲ್ಲಿ ಕೇಳುತ್ತ ಒಂದೊಂದೇ ಸಾಲು ಹೇಳಿದಳು, ಅವನು ಪರದೆಯಲ್ಲಿ ಬೆರಳಿಟ್ಟುಕೊಂಡು ಬಂದ. ವಿಳಾಸದ ತನಕ ಎರಡೂ ಸರಿಯಾಗಿ ತಾಳೆಯಾಯಿತು.

"ಈಗ ಅದರ ಕೆಳಗೆ," ಎಂದಳು.

"ಕೆಳಗೆ ಏನೂ ಇಲ್ಲ ಪುಟ್ಟಿ. ಬರೀ ಬಿಳಿ."

"ಎಷ್ಟು ಬಿಳಿ? ಒಂದು ಬೆರಳಷ್ಟಾ?"

ಅಣ್ಣ ನೋಡಿದ. ಅಂಗೈ ಅಗಲ ಇತ್ತು. ಸುಮ್ಮಸುಮ್ಮನೆ ಇಷ್ಟು ಜಾಗ ಯಾಕೆ ಬಿಟ್ಟಿದ್ದಾರೆ ಎಂದು ಅವನಿಗೂ ಅನ್ನಿಸಿತು.

"ಫೋಟೋ ಬಿಳಿಚಿಕೊಂಡು ಬಂದ್ರೆ ಅಪ್ಪ ಎಸೀತಿದ್ರಾ? ಕಪ್ಪು ಕೂಡಿಸಿ ಒಳಗಿರೋದನ್ನ ಎಬ್ಬಿಸ್ತಿದ್ರು ತಾನೆ? ಅದನ್ನೇ ಮಾಡು."

ಅಣ್ಣ ಆ ಪುಟವನ್ನು ಚಿತ್ರವಾಗಿ ಉಳಿಸಿಕೊಂಡ. ಯಾವ ಪ್ರೋಗ್ರಾಮಿನ ಕಂಪನಿ ಆ ಮೇಲ್ ಕಳಿಸಿತ್ತೋ ಅದೇ ಪ್ರೋಗ್ರಾಮಿನಲ್ಲಿ ತೆರೆದು ಬೆಳಕು ಇಳಿಸಿದ, ಕಪ್ಪು ಏರಿಸಿದ. ಮೊದಲು ಏನೂ ಬರಲಿಲ್ಲ. ಇನ್ನಷ್ಟು ಏರಿಸಿದಾಗ ಬಿಳಿ ಬೂದು ಬಣ್ಣಕ್ಕೆ ತಿರುಗಿತು, ಆ ಬೂದಿನೊಳಗಿಂದ ಇರುವೆ ಸಾಲಿನಂತೆ ಮೂರು ಸಾಲು ಮೆಲ್ಲಗೆ ಮೇಲೆದ್ದವು. ಬಿಳಿ ಪುಟದ ಮೇಲೆ ಕೂದಲೆಳೆಯಷ್ಟೇ ಮಾಸಿದ ಬಿಳಿಯಲ್ಲಿ ಅಕ್ಷರ ಜೋಡಿಸಿದ್ದರು ಮಹಾನುಭಾವರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಜೇಬಿಗೆ ಕತ್ತರಿ ಹಾಕುವ ಏರ್ಪಾಟು. ಅಣ್ಣ ಗಟ್ಟಿಯಾಗಿ ಓದಿದ. ಮೂರು ತಿಂಗಳು, ಒಂದೂವರೆ ಪಟ್ಟು, ಹತ್ತು ದಿನ. ಅವಳು ಹಿಂದಿನ ದಿನ ಹೇಳಿದ್ದಕ್ಕೂ ಅವನು ಓದಿದ್ದಕ್ಕೂ ಒಂದು ಪದದ ವ್ಯತ್ಯಾಸವಿರಲಿಲ್ಲ.

ಅಣ್ಣ ಪರದೆ ಬಿಟ್ಟು ಅವಳ ಕಡೆಗೆ ತಿರುಗಿದ.

"ನನ್ನ ಕಣ್ಣಿಗೆ ಬೀಳ್ಲಿಲ್ಲ ಕಣೇ. ನಿನ್ನೆ ನಿನ್ನ ಮಾತನ್ನ ನಾನು ನಂಬಬೇಕಿತ್ತು."

ಅವಳಿಗೆ ಅಷ್ಟು ಸಾಕಾಗಿತ್ತು, ಆದರೆ ಅವಳು ಅಷ್ಟಕ್ಕೇ ಬಿಡಲಿಲ್ಲ. ಆ ವಾರ ಸ್ಟುಡಿಯೋದ ಎಲ್ಲ ಚಂದಾಗಳ ಹಳೆಯ ಮೇಲ್‌ಗಳನ್ನೂ ಕೂತು ಕೇಳಿದಳು. ಇಂಟರ್‌ನೆಟ್ಟಿನಲ್ಲಿ ಫೋಟೋ ಕೂಡಿಡಲು ಜಾಗ ಕೊಡುವ ಕಂಪನಿಯವರು ಹದಿನಾಲ್ಕು ತಿಂಗಳ ಹಿಂದೆಯೇ ಸದ್ದಿಲ್ಲದೆ ದರ ಏರಿಸಿದ್ದರು. ಬಿಲ್ಲಿನ ಪ್ರೋಗ್ರಾಮಿನವರು ಒಂದಾಗಿದ್ದ ಯೋಜನೆಯನ್ನು ಎರಡಾಗಿ ಸೀಳಿ ಎರಡಕ್ಕೂ ದುಡ್ಡು ಎಳೆಯುತ್ತಿದ್ದರು. ಅವಳು ಫೋನು ಹಿಡಿದಳು. ನಿಮ್ಮ ಕರೆ ನಮಗೆ ಮುಖ್ಯ ಎಂಬ ಹಾಡು ಮುಕ್ಕಾಲು ಗಂಟೆ ಬಂದರೂ ಇಡಲಿಲ್ಲ; ಹದಿನೆಂಟು ವರ್ಷ ಫೋನಿನಲ್ಲೇ ಬದುಕಿದವಳನ್ನು ಹಾಡು ಹಾಕಿ ಓಡಿಸುವುದಕ್ಕಾಗುತ್ತದೆಯೆ? ಫೋಟೋ ತಿದ್ದುವ ಕಂಪನಿಯವರು ಒಂದು ವರ್ಷ ಹಳೆಯ ದರಕ್ಕೇ ಕೊಡುತ್ತೇವೆಂದು ಬರೆದುಕೊಟ್ಟರು. ಬಿಲ್ಲಿನವರು ಯೋಜನೆಯನ್ನು ಮತ್ತೆ ಒಂದು ಮಾಡಿದರು. ಜಾಗದವರು ಮಾತ್ರ ಹೋದ ದುಡ್ಡು ಹೋಯಿತು ಎಂದರು. ಅವರಿಗೆ ನಾಲ್ಕು ಮಾತು ಚೆನ್ನಾಗಿಯೇ ಹೇಳಿ ಚಂದಾ ನಿಲ್ಲಿಸಿದಳು.

ಇದೆಲ್ಲ ಮುಗಿದ ಮೇಲೂ ಕೌಂಟರಿನ ವಿಷಯ ಯಾರೂ ಎತ್ತಲಿಲ್ಲ. ಕೇಳುವುದಕ್ಕೆ ಅವಳ ಅಭಿಮಾನ ಅಡ್ಡ ಬಂತು. ಒಂದನೇ ತಾರೀಕಿಗೆ ಇನ್ನು ಎರಡೇ ದಿನ ಉಳಿದಿತ್ತು.

ಅಂದು ಬೆಳಿಗ್ಗೆ ಪ್ರಿಂಟಿಂಗ್ ಮೆಷಿನ್ ರಿಪೇರಿ ಕಂಪನಿಯ ಸೇಲ್ಸಿನವನು ಹೊಸ ಕರಾರು ಪತ್ರ ಹಿಡಿದು ಬಂದ. ಬಾಯಿ ತುಂಬ ನಗು ಇರಬೇಕು, ಮಾತಿನಲ್ಲೇ ಕೇಳಿಸುತ್ತಿತ್ತು. ಎಲ್ಲ ಹಳೇದೇ ಸಾರ್, ಸುಮ್ನೆ ಪ್ರತಿವರ್ಷದ ಹಾಗೆ ಒಂದು ಸಹಿ ಎಂದು ಕಾಗದವನ್ನು ಅಣ್ಣನ ಮುಂದೆ ಸರಿಸಿದ. ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಕಾಗದ ಕೌಂಟರಿನ ಮೇಲೆ ಜಾರಿಕೊಂಡು ಬಂದು ಅವಳ ಕೈಗೆ ತಾಗಿತು.

"ಈ ಅಂಗಡೀಲಿ ಓದೋದು ನನ್ನ ತಂಗಿ," ಎಂದ ಅಣ್ಣ. "ಅವಳು ಹೂಂ ಅನ್ನದೆ ನಾನು ಯಾವುದಕ್ಕೂ ಸಹಿ ಹಾಕಲ್ಲ. ನಾಡಿದ್ದಿಂದ ಕೌಂಟರಿಗೆ ಒಬ್ಬಳು ಹುಡುಗಿ ಬರ್ತಾಳೆ, ಇವಳ ಕೈಕೆಳಗೆ. ನಾನಿಲ್ದಾಗ ಬಂದ್ರೂ ಇವಳ ಹತ್ರಾನೇ ಮಾತಾಡಿ."

ಹೆಮ್ಮೆಗೆ ಅವಳ ಮೈ ಜುಮ್ಮೆಂದಿತು. ಅದನ್ನು ಸೇಲ್ಸಿನವನಿಗೆ ತೋರಿಸಿಕೊಳ್ಳುವುದು ಬೇಡವೆಂದು ಕಾಗದವನ್ನು ನೆಟ್ಟಗೆ ಮಾಡಿ ಮೊಬೈಲಿನಲ್ಲಿ ಅದರ ಫೋಟೋ ತೆಗೆದಳು. ಇವರು ಹೇಗೆ ಓದುತ್ತಾರೆ ಎಂದು ಅವನು ಅಣ್ಣನನ್ನು ಮೆಲ್ಲಗೆ ಕೇಳಿದ. ನಮ್ಮಿಬ್ಬರಿಗಿಂತ ಚೆನ್ನಾಗಿ ಎಂದ ಅಣ್ಣ. ಕಾಗದದ ಅಕ್ಷರಗಳನ್ನು ಮೊಬೈಲು ಚಟಪಟ ಓದತೊಡಗಿತು. ಮೊದಲ ಪುಟ ಮುಗಿಯಿತು. ಅವಳು ಎರಡನೆಯದನ್ನು ತಿರುಗಿಸಿ ಅದರದೂ ಫೋಟೋ ತೆಗೆದಳು. ಸೇಲ್ಸಿನವನು ಕಾಲು ಬದಲಿಸಿದ, ಗಂಟಲು ಸರಿಮಾಡಿಕೊಂಡ. ಆಮೇಲೆ ಯಾರೂ ಕೇಳದಿದ್ದರೂ ತಾನೇ, ಆರು ತಿಂಗಳಾದ ಮೇಲೆ ರೇಟು ಒಂಚೂರು ಹೆಚ್ಚಾಗುತ್ತೆ ಮೇಡಂ, ಹೇಳೋಣ ಅಂತಿದ್ದೆ ಎಂದ.

ಅವಳು ಕೈ ಎತ್ತಿ ಅವನನ್ನು ತಡೆದಳು.

"ತಾಳಿ. ಅದು ನಾಲ್ಕನೇ ಸಾಲಲ್ಲಿ ಇರಬೇಕು. ನಾನಿನ್ನೂ ಮೂರನೇದ್ರಲ್ಲಿದ್ದೀನಿ."

ಅಣ್ಣ ಪೆನ್ನಿಗೆ ಮುಚ್ಚಳ ಹಾಕಿ, ಅವಳು ಓದಿ ಮುಗಿಸುವ ತನಕ ಕಾದ.