ಪೂಜೆಯಾದ ಮೇಲಿನ ಐದು ನಿಮಿಷ

ಬಾಶೆಟ್ಟಿಹಳ್ಳಿ ರಸ್ತೆಯಲ್ಲಿ ಲಕ್ಷ್ಮಯ್ಯನವರ ತಗಡಿನ ಶೆಡ್ಡಿತ್ತು. ಹಳೇ ಅಂಬಾಸಿಡರ್ ಕೆಟ್ಟರೆ ನಮ್ಮ ಕಡೆಯವರಿಗೆಲ್ಲ ಅವರೇ ಗತಿ. ಅರವತ್ತು ದಾಟಿದ ಮನುಷ್ಯನನ್ನು ನಮ್ಮ ಮನೆಯಲ್ಲಿ ಚಿಕ್ಕವರೂ ಏಕವಚನದಲ್ಲೇ ಕರೆಯುತ್ತಿದ್ದೆವು. ಅವರು ಕಾಲೋನಿಯವರು, ನಾವು ಊರೊಳಗಿನವರು. ಈಗ ಬಹುವಚನ ಬರೆಯುತ್ತಿದ್ದೇನೆ. ಇದರಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ.

ನಮ್ಮ ದೊಡ್ಡಪ್ಪ ಅಪ್ಪಯ್ಯಣ್ಣನ ಅಂಬಾಸಿಡರ್‌ನಲ್ಲಿ ಆಯಿಲ್ ಒತ್ತಡ ತೋರಿಸುವ ಮುಳ್ಳು ಮೇಲೇಳುವುದನ್ನೇ ಬಿಟ್ಟಿತ್ತು. ಆಯಿಲ್ ಪಂಪು ಸವೆದಿದೆ, ಓಡಿಸಿದರೆ ಎಂಜಿನ್ ಉಳಿಯಲ್ಲ ಎಂದರು ಲಕ್ಷ್ಮಯ್ಯನವರು. ನಮ್ಮ ಅಂಗಳದಲ್ಲೇ ಗೋಣಿ ಹಾಸಿಕೊಂಡು ಎರಡು ದಿನ ಕಾರಿನಡಿ ಮಲಗಿ, ತಳದ ತಟ್ಟೆ ಬಿಚ್ಚಿ ಹೊಸ ಪಂಪು ಕೂರಿಸಿದರು. ದೊಡ್ಡಮ್ಮ ಗಂಗಲಕ್ಷ್ಮಮ್ಮ ಕಾಫಿ ಕೊಟ್ಟಿದ್ದು ಕಾಗದದ ಲೋಟದಲ್ಲಿ. ಗುರುವಾರ ಸಂಜೆ ಹೊಸ ಆಯಿಲ್ ಸುರಿದು, ತಟ್ಟೆಯ ಅಂಚಿಗೆ ಮೆತ್ತಿದ ಅಂಟು ಪೂರ್ತಿ ಒಣಗಬೇಕು, ಬೆಳಿಗ್ಗೆ ನಾನು ಬರುವವರೆಗೆ ಯಾರೂ ಕೀ ಮುಟ್ಟಬೇಡಿ ಎಂದು ಹೇಳಿ ಹೋದರು. ಹೊಸ ಪಂಪು ಮೊದಲು ಆಯಿಲ್ ಬದಲು ಗಾಳಿಯನ್ನೇ ಎಳೆಯುತ್ತದಂತೆ. ಪ್ಲಗ್ ಬಿಚ್ಚಿ, ಎಂಜಿನ್ ಹೊತ್ತದ ಹಾಗೆ ಬರೀ ತಿರುಗಿಸಿ, ಮುಳ್ಳು ಎದ್ದ ಮೇಲಷ್ಟೇ ಸ್ಟಾರ್ಟ್ ಮಾಡಬೇಕು. ಐದು ನಿಮಿಷದ ಕೆಲಸ. ಮೂವತ್ತು ವರ್ಷದಲ್ಲಿ ಒಂದು ಗಾಡಿಗೂ ಅವರು ಅದನ್ನು ತಪ್ಪಿಸಿದವರಲ್ಲ.

ಮಾರನೆಯ ದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಲಕ್ಷ್ಮಯ್ಯನವರು ಹತ್ತೂಕಾಲಿಗೆ ಬರುವಷ್ಟರಲ್ಲಿ ಬಾನೆಟ್ಟಿಗೆ ಸೇವಂತಿಗೆ ಹಾರ ಬಿದ್ದಿತ್ತು, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಕೂತಿತ್ತು. ಅವರು ಸ್ಪ್ಯಾನರ್ ಹಿಡಿದು ಮುಂದೆ ಬಂದರು.

"ಪೂಜೆ ಆಗೋಯ್ತು ಲಕ್ಷ್ಮಯ್ಯ," ಎಂದ ದೊಡ್ಡಪ್ಪ. "ಗುಡಿಗೆ ಹೋಗ್ಬರೋವರ್ಗೂ ನೀನ್ ಮುಟ್ಬೇಡ. ಅಲ್ಲಿಂದ್ಲೇ ಹೇಳು, ಬೈರೇಶ ಮಾಡ್ತಾನೆ."

ಬೈರೇಶ ಅಂದರೆ ನಾನು. ಎರಡು ದಿನ ಆ ಎಂಜಿನ್ನಿನ ಹೊಟ್ಟೆಯೊಳಗಿದ್ದ ಕೈಗಳು ಬೇಲಿಯ ಹತ್ತಿರ ಸುಮ್ಮನೆ ನಿಂತವು. ಮೊದಲು ಪ್ಲಗ್ ಬಿಚ್ಚಪ್ಪ ಎಂದು ಅವರು ಅಲ್ಲಿಂದಲೇ ಹೇಳಿದರು. ಬಾನೆಟ್ ಎತ್ತಿದರೆ ಹಾರ ಹರಿಯುತ್ತದೆ, ಅಪಶಕುನ ಎಂದಳು ದೊಡ್ಡಮ್ಮ. ರಾಹುಕಾಲಕ್ಕೆ ಹತ್ತು ನಿಮಿಷವಿತ್ತು. ನಾನು ಕೀ ತಿರುಗಿಸಿದೆ.

ಎಂಜಿನ್ ಹೊತ್ತಿಕೊಂಡಿತು. ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಲಕ್ಷ್ಮಯ್ಯನವರು ಆಫ್ ಮಾಡು ಎಂದು ಕೂಗಿದ್ದು ನನ್ನ ಕಿವಿಗೆ ಬಿತ್ತು. ಹೊರಟ ಗಾಡಿ ನಿಲ್ಲಿಸಬಾರದು, ನಡಿ ಎಂದ ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ. ನಡೆದೆ. ಗುಡಿ ಇನ್ನೂ ಒಂದು ಫರ್ಲಾಂಗ್ ಇರುವಾಗ ಒಳಗೆ ಸುತ್ತಿಗೆಯಲ್ಲಿ ಬಡಿದಂಥ ಸದ್ದಾಗಿ ಎಂಜಿನ್ ಹಿಡಿದುಕೊಂಡು ನಿಂತೇಬಿಟ್ಟಿತು.

ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆತಂದೆವು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿದ್ದು ಇಷ್ಟು: ಲಕ್ಷ್ಮಯ್ಯನ ಕೈಗುಣ ಸರಿಯಿಲ್ಲ, ಪಂಪು ತಪ್ಪಾಗಿ ಕೂರಿಸಿ ಎಂಜಿನ್ ಸುಟ್ಟ. ಆ ಮನುಷ್ಯನಿಗೆ ಹೊಲವಿರಲಿಲ್ಲ, ಇದ್ದದ್ದು ಹೆಸರೊಂದೇ. ಅರಳಿಕಟ್ಟೆಯಲ್ಲಿ, ತನ್ನ ಗಾಡಿಯನ್ನೂ ಅವರ ಶೆಡ್ಡಿಗೇ ಬಿಡುತ್ತಿದ್ದ ಮುನಿಶಾಮಪ್ಪ ನನ್ನನ್ನೇ ನೇರವಾಗಿ ಕೇಳಿದ, ಏನಾಯ್ತೋ ಎಂದು. ಗೊತ್ತಿಲ್ಲ ಅಂದೆ. ಎರಡೇ ವಾರದಲ್ಲಿ ಶೆಡ್ಡಿನ ಮುಂದೆ ಒಂದು ಗಾಡಿಯೂ ಇರಲಿಲ್ಲ. ನನ್ನಂಥ ಹೇಡಿಗೆ ಅದನ್ನು ನೋಡಿಕೊಂಡು ಓಡಾಡುವುದೂ ಅಭ್ಯಾಸವಾಯಿತು.

ಹಾಗಿದ್ದೂ ಕೊನೆಗೆ ದೊಡ್ಡಪ್ಪ ಹೇಳಿಕಳಿಸಿದ್ದು ಅವರಿಗೇ. ಈ ಎಂಜಿನ್ ಬಿಚ್ಚಬಲ್ಲವರು ಬೇರೆ ಯಾರೂ ಸಿಗಲಿಲ್ಲ. ಅವರು ಬಂದರು, ಹೋದ ಹೆಸರು ಅದೇ ಎಂಜಿನ್ನಿನೊಳಗೆ ಬಿದ್ದಿತ್ತಲ್ಲ. ಹಾರ ಒಣಗಿ ಉದುರಿತ್ತು, ಕುಂಕುಮ ಮಳೆಗೆ ತೊಳೆದುಹೋಗಿತ್ತು. ಬೇಲಿಯ ಹತ್ತಿರ ಅವತ್ತಿನ ಜಾಗದಲ್ಲೇ ನಿಂತು ಕೇಳಿದರು.

"ಈಗ ಮುಟ್ಬೋದಾ ಅಪ್ಪಯ್ಯಣ್ಣ?"

ದೊಡ್ಡಪ್ಪ ಜಗುಲಿಯಿಂದ ಏಳಲೂ ಇಲ್ಲ.

"ಮುಟ್ಟು, ಮುಟ್ಟು. ಕೆಟ್ಟೋಗಿರೋ ಗಾಡಿಗೆ ಯಾವ್ ಮಡಿ?"