ಬಾಗಿ ದೂರ ಕೂತ ಮೂರು ದಿನ

1957ರಲ್ಲಿ ನಾನು ಬಂಟ್ವಾಳದ ಸಬ್ ಜೈಲಿನಲ್ಲಿ ಹೆಂಗಸು ವಾರ್ಡರ್ ಆಗಿದ್ದೆ. ಅಲ್ಲೇ ವಾರ್ಡರ್ ಆಗಿದ್ದ ಗಂಡ ತೀರಿಹೋದ ಮೇಲೆ ಸಿಕ್ಕಿದ ಕೆಲಸ. ಮೂಡುಬಿದಿರೆಯ ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ಹೋದವಳು ನಾನು. ಹೆಸರು ಬರೆಯಲು ಬರುತ್ತಿತ್ತು, ರಿಜಿಸ್ಟರಿಗೆ ಅಷ್ಟು ಸಾಕಿತ್ತು. ಹೆಂಗಸು ಕೈದಿ ಬಂದರೆ ಮಾತ್ರ ನನಗೆ ಕರೆ ಬರುತ್ತಿತ್ತು. ಬರುತ್ತಿದ್ದವರು ತೆಂಗಿನಕಾಯಿ ಕದ್ದವರು, ಕಳ್ಳಭಟ್ಟಿ ಇಳಿಸಿದವರು. ನಾಲ್ಕು ದಿನ ಇದ್ದು ಹೋಗುವವರು.

ಆ ವರ್ಷ ಸೋಣ ತಿಂಗಳಲ್ಲಿ, ಆಗಸ್ಟ್ ನಡುವಿಗೆ, ಬಂದ ಬಾಗಿ ಅಂಥವಳಲ್ಲ. ಅವಳಿಗೆ ಗಲ್ಲು ಆಗಿತ್ತು. ವೇಣೂರಿನ ಕಡೆಯವಳು, ಇಪ್ಪತ್ತಾರು ವರ್ಷ. ಮಲಗಿದ್ದ ಗಂಡನ ಕುತ್ತಿಗೆಯನ್ನು ಕತ್ತಿಯಲ್ಲಿ ಕಡಿದಿದ್ದಳು. ದಿನಾ ಹೊಡೆಯುತ್ತಿದ್ದ ಎಂದು ವಕೀಲರು ಹೇಳಿದರಂತೆ. ಮಲಗಿದವನು ಹೊಡೆಯುವುದಿಲ್ಲವಲ್ಲ ಎಂದು ಜಡ್ಜರು ಹೇಳಿದರಂತೆ. ಎಚ್ಚರದಲ್ಲಿರುವಾಗ ಅವನನ್ನು ಕಡಿಯುವ ಬಲ ಅವಳಿಗಿರಲಿಲ್ಲ, ಅಷ್ಟೇ.

ಸೆಷನ್ಸ್ ಕೋರ್ಟು ಕೊಟ್ಟ ಗಲ್ಲನ್ನು ಹೈಕೋರ್ಟು ಸರಿ ಎನ್ನುವವರೆಗೆ ನೇಣು ಹಾಕುವಂತಿಲ್ಲ. ಜಿಲ್ಲಾ ಜೈಲಿನಲ್ಲಿ ಹೆಂಗಸರ ಕೋಣೆಯ ಮಾಡು ರಿಪೇರಿಗೆ ಬಿಚ್ಚಿದ್ದರಿಂದ ಅಲ್ಲಿಯವರೆಗೆ ಅವಳನ್ನು ನಮ್ಮಲ್ಲಿ ಇಟ್ಟರು. ಸರಕಾರ ಕೊಲ್ಲಬೇಕಾದವಳು ತಾನಾಗಿ ಸಾಯಬಾರದು. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ದಿನಾ ಸಂಜೆ ಅವಳ ಬಟ್ಟೆ ಎಣಿಸಬೇಕು. ತಲೆಯಿಂದ ಕಾಲಿನವರೆಗೆ ಕೈಯಾಡಿಸಿ ಮೈ ತಪಾಸಣೆ ಮಾಡಬೇಕು. ಆಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.

ಅವಳು ತಿಂಗಳಿಗೆ ಮೂರು ದಿನ ಮೂಲೆಯಲ್ಲಿ ದೂರ ಕೂರುತ್ತಿದ್ದಳು. ಬಟ್ಟಲು ಬೇರೆ, ಚಾಪೆ ಬೇರೆ. ನಮ್ಮ ಮನೆಗಳಲ್ಲಿ ಮುಟ್ಟಾದವಳು ಹೇಗೋ ಹಾಗೆ. ಆ ಮೂರು ದಿನ ನಾನು ಅವಳನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಮೀಯಬೇಕು. ಬಟ್ಟೆಯ ನಾಲ್ಕು ತುಂಡು ಎಣಿಸಿ ಕೊಡುವುದು, ಒಗೆದು ಒಣಗಿದ ಮೇಲೆ ಎಣಿಸಿ ತೆಗೆದುಕೊಳ್ಳುವುದು, ತಪಾಸಣೆ ಮಾಡಿದ್ದೇನೆ ಎಂದು ಸಹಿ ಹಾಕುವುದು. ಯಾರೂ ಕೇಳಲಿಲ್ಲ. ನನಗೂ ತಪ್ಪೆಂದು ಕಾಣಲಿಲ್ಲ.

ದೀಪಾವಳಿ ಕಳೆದು ಎರಡು ಮೂರು ವಾರಕ್ಕೆ, ಒಂದು ಶುಕ್ರವಾರ, ಹೈಕೋರ್ಟಿನಿಂದ ಸುದ್ದಿ ಬಂತು. ಗಲ್ಲು ಖಾಯಂ. ಸೋಮವಾರ ಅವಳನ್ನು ಘಟ್ಟದ ಮೇಲಿನ ದೊಡ್ಡ ಜೈಲಿಗೆ ಕಳುಹಿಸಬೇಕು. ಜೈಲರ್ ಒಂದು ಫಾರಂ ತುಂಬಿಸುತ್ತಾ ನನ್ನನ್ನು ಕೇಳಿದರು. ವಯಸ್ಸು, ಗಾಯದ ಗುರುತು, ರೋಗ.

“ಬಸುರಿಯಾ?”

“ಅದೆಂತಕ್ಕೆ ಸ್ವಾಮಿ?”

“ಬಸುರಿಯನ್ನು ನೇಣಿಗೆ ಹಾಕುವ ಹಾಗಿಲ್ಲ. ಕಾನೂನು ಉಂಟು. ಇಲ್ಲ ಅಂತ ಬರೀಲಾ?”

ಬಂದ ದಿನವೂ ಇದನ್ನೇ ಕೇಳಿದ್ದರು. ಅವಳ ಮೋರೆಯನ್ನೂ ನೋಡದೆ ಇಲ್ಲ ಎಂದಿದ್ದೆ. ಈ ಸಲ, “ಕೇಳಿ ಹೇಳ್ತೇನೆ” ಎಂದೆ. ಸೋಮವಾರ ಬೆಳಿಗ್ಗೆಯೊಳಗೆ ಹೇಳು ಎಂದರು.

ಹೋಗಿ ಮೊದಲು ಅವಳು ಒಗೆದು ಒಣಗಲು ಹಾಕಿದ್ದ ತುಂಡುಗಳನ್ನು ತೆಗೆದು ನೋಡಿದೆ. ಮೂರು ತಿಂಗಳು ಒಗೆದ ಬಟ್ಟೆ, ಒಂದು ಕಲೆ ಇಲ್ಲ. ಹೆದರಿಕೆಗೆ ಮುಟ್ಟು ನಿಲ್ಲುವುದುಂಟು, ಜೈಲಿನಲ್ಲಿ ಕಂಡಿದ್ದೇನೆ. ಆದರೆ ನಿಂತವಳು ಆದ ಹಾಗೆ ಯಾಕೆ ಕೂರಬೇಕು?

ಬಾಗಿ ನನ್ನನ್ನು ಕಂಡು ಮೂಲೆಗೆ ಸರಿದಳು. “ಬರ್ಬೇಡಿ ಅಕ್ಕ. ನಿನ್ನೆಯಿಂದ ದೂರ.”

“ಇರ್ಲಿ” ಎಂದು ಹೊಟ್ಟೆಯ ಮೇಲೆ ಕೈಯಿಟ್ಟೆ. ಗಟ್ಟಿಯಾಗಿತ್ತು. “ಎಷ್ಟು ತಿಂಗಳು?”

“ಎಂತದ್ದು?”

“ನನ್ನ ಹತ್ರ ಬೇಡ ಮಾರಾಯ್ತಿ. ನಾಲ್ಕು ಹೆತ್ತಿದ್ದೇನೆ.”

“ನಾಲ್ಕು ಹೆತ್ತವರಿಗೆ ಇಷ್ಟು ದಿನ ಬೇಕಾಯ್ತಾ?” ಎಂದಳು.

ಹೆಂಗಸೆಂಬ ಕಾರಣಕ್ಕೆ ವಿಚಾರಣೆ ಮುಗಿಯುವವರೆಗೆ ಅವಳು ಜಾಮೀನಿನಲ್ಲಿ ಹೊರಗಿದ್ದಳು. ಜಾಮೀನಿಗೆ ನಿಂತವರು ಅವಳ ತಾಯಿ ಗೇಣಿಗೆ ಮಾಡುತ್ತಿದ್ದ ಗದ್ದೆಯ ಧಣಿ. ಪುಕ್ಕಟೆ ನಿಂತಿರಲಿಲ್ಲ. ಇದಿಷ್ಟನ್ನು ಅವಳು ಗೋಡೆ ನೋಡಿಕೊಂಡು ಹೇಳಿದಳು.

“ಬಸುರಿ ಅಂದ್ರೆ ನಿನ್ನನ್ನು ನೇಣಿಗೆ ಹಾಕುವುದಿಲ್ಲ. ಹೆಸರು ಹೇಳ್ಬೇಕಂತ ಇಲ್ಲ” ಎಂದೆ.

“ಜಾಮೀನು ಕೊಟ್ಟದ್ದು ಯಾರು ಅಂತ ಊರಿಗೆಲ್ಲ ಗೊತ್ತುಂಟು. ಸುದ್ದಿಯಾದ ಮರುದಿನ ಧಣಿ ಒಕ್ಕಲೆಬ್ಬಿಸ್ತಾರೆ, ಅಮ್ಮನ ಒಲೆ ಅಂಗಳಕ್ಕೆ ಬೀಳ್ತದೆ. ನನ್ನ ಮಗಳಿಗೆ ಏಳು ವರ್ಷ. ಕೊಂದವಳ ಮಗಳು ಅಂತ ಆಗಿಯಾಯ್ತು. ಇನ್ನೊಂದು ಹೆಸರು ಬೇಡ. ಆಣೆ ಹಾಕಿ ಅಕ್ಕ, ಹೇಳುವುದಿಲ್ಲ ಅಂತ.”

“ನನಗೆ ಆಣೆ ಹಾಕುವ ಅಭ್ಯಾಸ ಇಲ್ಲ” ಎಂದು ಬೀಗ ಹಾಕಿಕೊಂಡು ಬಂದೆ.

ಶನಿವಾರ ಇಡೀ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಟ್ಟೆಯನ್ನು ಎರಡೆರಡು ಸಲ ಎಣಿಸಿದೆ. ಬೀಗ ಹಾಕಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋದೆ. ಹೇಳಿದರೆ ಒಬ್ಬಳು ಉಳಿಯುತ್ತಾಳೆ, ಇಬ್ಬರು ಬೀದಿಗೆ ಬೀಳುತ್ತಾರೆ. ಹೇಳದಿದ್ದರೆ ಹೊಟ್ಟೆಯದ್ದೂ ಸೇರಿ ಎರಡು ಜೀವ ಹೋಗುತ್ತದೆ. ಸುಳ್ಳು ಸಹಿಗೆ ನನ್ನ ಕೆಲಸವೂ ಹೋಗಬಹುದು. ಸತ್ಯ ಹೇಳುವುದಾದರೆ, ಮೊದಲು ನೆನಪಾದದ್ದು ನನ್ನ ಕೆಲಸವೇ.

ಭಾನುವಾರ ಜೈಲು ಗುಡಿಸುವವಳನ್ನು ಕಾವಲಿಗಿಟ್ಟು ಬೆಳ್ತಂಗಡಿ ಬಸ್ಸು ಹತ್ತಿದೆ. ಗುರುವಾಯನಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸಿನಲ್ಲಿ ವೇಣೂರಿಗೆ ಹೋದೆ. ಬಾಗಿಯ ತಾಯಿ ಅಂಗಳದಲ್ಲಿ ಕೂತು ಗೆರಸೆಯಲ್ಲಿ ಭತ್ತ ಕೇರುತ್ತಿದ್ದಳು. ಜೈಲಿನವಳು ಎಂದಾಗ ಗೆರಸೆ ಕೆಳಗಿಡದೆ ಕೇಳಿದಳು: “ಆಯ್ತಾ?”

“ಇನ್ನೂ ಇಲ್ಲ” ಎಂದೆ. ಸುತ್ತಿ ಬಳಸಿ ಹೇಳಲು ಬಾರದು ನನಗೆ. ಎಲ್ಲವನ್ನೂ ಹೇಳಿದೆ. ಒಲೆ ಅಂಗಳಕ್ಕೆ ಬೀಳುತ್ತದೆಂದು ಬಾಗಿ ಹೆದರಿದ್ದನ್ನೂ ಹೇಳಿದೆ.

ಮುದುಕಿ ಕೇರುವುದನ್ನು ನಿಲ್ಲಿಸಲಿಲ್ಲ. ಕಲ್ಲು ಹೆಕ್ಕಿ ಎಸೆದಳು. “ಅಂಗಳದಲ್ಲಿ ಇಟ್ಟರೆ ಒಲೆ ಉರಿಯುವುದಿಲ್ವಾ?” ಎಂದಳು.

ನಾನು ಎದ್ದೆ. ತೋಡಿನ ನೀರು ದಾಟಿಸಲು ಅವಳು ನನ್ನ ಹಿಂದೆ ಬಂದಳು. “ನಾನು ಒಪ್ಪಿದ್ದು ಅಂತ ಅವಳಿಗೆ ತಿಳಿಸ್ಬೇಡಿ. ನಮ್ಮನ್ನು ಎಬ್ಬಿಸಿದ ಸುದ್ದಿ ಕೇಳಿದ್ರೆ ಅವಳಿಗೆ ಬೈಲಿಕ್ಕೆ ಒಬ್ಬರು ಬೇಕು. ನನ್ನನ್ನು ಬೈಯುವುದು ಬೇಡ. ಅವಳಿಗೆ ಬೇರೆ ಯಾರಿದ್ದಾರೆ?”

ಸೋಮವಾರ ಬೆಳಿಗ್ಗೆ ಜೈಲರ್ ಎದುರು ರಿಜಿಸ್ಟರ್ ಬಿಡಿಸಿಟ್ಟೆ. “ಬಸುರಿ, ಸ್ವಾಮಿ.”

“ಸೇಸಮ್ಮ, ನಿನಗೆ ತಲೆ ಸಮ ಉಂಟಾ? ಜೈಲಿನೊಳಗೆ ಆದದ್ದು ಅಂತ ಹೇಳಿದ್ರೆ ನನ್ನ ಗತಿ ಎಂತ?” ಅವರು ಪುಟ ತಿರುವಿದರು. “ದಿನಾ ತಪಾಸಣೆ ಮಾಡಿದವಳಿಗೆ ಈಗ ಗೊತ್ತಾದದ್ದಾ?”

“ಅವಳು ದೂರ ಕೂತ ದಿನಗಳಲ್ಲಿ ಮುಟ್ಟಲಿಲ್ಲ. ಉಳಿದ ದಿನ ಸರಿಯಾಗಿ ನೋಡಲಿಲ್ಲ. ಸಹಿ ಹಾಕಿದ್ದೇನೆ.”

ಅವರು ರಿಜಿಸ್ಟರ್ ಮುಚ್ಚಿದರು. ಆಮೇಲೆ ಲೇಡಿ ಡಾಕ್ಟರಿಗೆ ಚೀಟಿ ಬರೆದರು. ಡಾಕ್ಟರು ಬಂದು ನೋಡಿ, ನಾಲ್ಕು ತಿಂಗಳು ಕಳೆದಿದೆ ಎಂದು ಬರೆದುಕೊಟ್ಟರು. ಅವಳು ನಮ್ಮಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಜೈಲರ್ ಉಸಿರು ಬಿಟ್ಟರು.

ಅದೇ ವಾರ ಧಣಿ ಮುದುಕಿಯನ್ನೂ ಮೊಮ್ಮಗಳನ್ನೂ ಎಬ್ಬಿಸಿದರು. ಅವರು ಮೂಡುಬಿದಿರೆಗೆ ಹೋಗಿ ಅಕ್ಕಿಯ ಮಿಲ್ಲೊಂದರ ಹಿಂದೆ ಸೋಗೆಯ ಮಾಡು ಹಾಕಿಕೊಂಡರು. ಸುದ್ದಿ ಜೈಲಿಗೂ ಬಂತು. ಸೋಮವಾರ ಕಳುಹಿಸುವುದು ಮುಂದೆ ಹೋಗಿತ್ತು. ಕೊನೆಗೆ ಕಳುಹಿಸಿದ ದಿನ ಬಾಗಿ ಪೊಲೀಸರ ಎದುರಿನಲ್ಲೇ ನನ್ನ ಮೋರೆಗೆ ಉಗಿದಳು. “ನನ್ನ ಅಮ್ಮನನ್ನು ಬೀದಿಗೆ ಹಾಕಿದವಳು ನೀನು” ಎಂದಳು. ಅಷ್ಟು ದಿನ ನೀವು ಎನ್ನುತ್ತಿದ್ದವಳು.

ಮರುದಿನ ಜೈಲರ್ ಕೇಳಿದರು: “ಉಗಿದಳಂತೆ?”

“ತೊಳ್ಕೊಂಡೆ” ಎಂದೆ.

ನೇಣು ಮೊದಲು ಮುಂದೆ ಹೋಯಿತು, ಹೆರಿಗೆಯಾದ ಮೇಲೆ ಜೀವಾವಧಿ ಆಯಿತು. ನನ್ನನ್ನು ಆರು ತಿಂಗಳು ಕೆಲಸಕ್ಕೆ ಕರೆಯಲಿಲ್ಲ. ಬೇರೆ ಯಾರೂ ಸಿಕ್ಕದೆ ಮತ್ತೆ ಕರೆದರು.

1968ರಲ್ಲಿ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಬಿಡುಗಡೆಯಾಗಿ ಬಂದಿದ್ದಳು. ಜೊತೆಯಲ್ಲಿ ಸೀರೆ ಉಟ್ಟ ಮಗಳು, ಎರಡು ಜಡೆಯ ಇನ್ನೊಬ್ಬ ಮಗಳು. ನನ್ನನ್ನು ಗುರುತಿಸಿದಳು. ಸಣ್ಣವಳ ಕೈ ಹಿಡಿದು ಆಚೆ ಬದಿಗೆ ಹೋಗಿ ನಿಂತಳು. ಮುದುಕಿ ಸತ್ತು ಎರಡು ವರ್ಷವಾಗಿತ್ತು. ಬಸ್ಸು ಬರಲು ಹೊತ್ತಿತ್ತು, ನಿನ್ನ ಅಮ್ಮ ಒಪ್ಪಿಯೇ ನಾನು ಹೇಳಿದ್ದು ಎಂದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಎರಡು ಸಲ ಎದ್ದೆ, ಎರಡು ಸಲ ಕೂತೆ. ಈಗ ಬಾಗಿಯೂ ಇಲ್ಲವಾದ್ದರಿಂದ, ಹೆಸರು ಬದಲಿಸಿ, ಹೇಳಿ ಬರೆಸುತ್ತಿದ್ದೇನೆ.

ಕೆಲಸ ಕಲಿಸಿದ್ದು ಇಷ್ಟು. ಕಾಯಲು ಕೊಟ್ಟವರನ್ನು ಮುಟ್ಟದೆ ಕಾಯಲಾಗುವುದಿಲ್ಲ. ಆಮೇಲೆ ನಿವೃತ್ತಿಯವರೆಗೆ, ದೂರ ಕೂತವಳಾದರೂ ಸರಿ, ಕೈಯಾಡಿಸಿಯೇ ಸಹಿ ಹಾಕಿದೆ. ಬಾವಿ ಜೈಲಿನ ಅಂಗಳದಲ್ಲೇ ಇತ್ತು. ಮೀಯಲು ನಾಲ್ಕು ಕೊಡ ನೀರು ಸಾಕಾಗುತ್ತಿತ್ತು. ಬಾಗಿ ಇದ್ದಾಗಲೂ ಅಷ್ಟೇ ಸಾಕಿತ್ತು.